ತಗಡಿನ ಹೆಸರು

ವಾಸನೆ ಮೊದಲು ಬಂದದ್ದು ಭಾರತಮ್ಮನ ಮೂಗಿಗೆ. ಅವಳ ಗಂಡ ಕೋದಂಡರಾಮಪ್ಪನ ಮೂಗನ್ನು ನಶ್ಯ ಎಂದೋ ತಿಂದು ಮುಗಿಸಿತ್ತು. ಪಕ್ಕದಲ್ಲೇ ಹಲಸಿನ ಹಣ್ಣು ಬಿಡಿಸಿದರೂ ಕಣ್ಣಲ್ಲಿ ನೋಡಿಯೇ ತಿಳಿಯಬೇಕಾದ ಸ್ಥಿತಿ ಅವನದು. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಹೆಂಡತಿ ಪಡಸಾಲೆಯ ನಡುವೆ ನಿಂತು, ಸೆರಗನ್ನು ಮೂಗಿಗೆ ಒತ್ತಿಕೊಂಡು, "ಎಲ್ಲೋ ಇಲಿ ಸತ್ತಿದೆ ಕಣ್ರೀ, ಇವತ್ತೇ ಸಾಯ್ಬೇಕಿತ್ತಾ ಅದಕ್ಕೆ" ಎಂದಾಗ ಅವನು ತಲೆಯೆತ್ತದೆ "ಹುಡುಕು, ಸಿಗುತ್ತೆ" ಎಂದುಬಿಟ್ಟ. ಅವನ ಮುಂದೆ ತಗಡಿನ ಪಟ್ಟಿಗಳು ಹರಡಿದ್ದವು. ಸೀಮೆಎಣ್ಣೆ ಡಬ್ಬದಿಂದ ಕತ್ತರಿಸಿ, ಅಂಚು ಬಡಿದು ಮಟ್ಟಮಾಡಿ, ಬಿಳಿ ಬಣ್ಣದಲ್ಲಿ ಒಂದೊಂದರ ಮೇಲೂ ಒಂದೊಂದು ಗಿಡದ ಹೆಸರು ಬರೆದ ಪಟ್ಟಿಗಳು. ಮಳೆಗಾಲದಲ್ಲಿ ಮಣ್ಣು ಸಿಡಿದು ಮಂಕಾಗಿದ್ದ ಅವನ್ನು ಬೂದಿ ಹಾಕಿ ಉಜ್ಜಿ ಮತ್ತೆ ಕುಂಡಗಳಿಗೆ ಸಿಗಿಸಬೇಕಿತ್ತು. ಕೋಲಾರದ ಫಲಪುಷ್ಪ ಸಂಘದ ಕಾರ್ಯದರ್ಶಿ ರಾಮಚಂದ್ರಪ್ಪನವರು ಮಧ್ಯಾಹ್ನದೊಳಗೆ ಬರುವವರಿದ್ದರು. ಮಧ್ಯಾಹ್ನದೊಳಗೆ ಎನ್ನುವುದೂ ಒಂದು ಮಾತಿಗೆ. ಯುದ್ಧ ಶುರುವಾಗಿ ಪೆಟ್ರೋಲು ಮಾಯವಾದ ಮೇಲೆ ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದ ಕೋಲಾರದ ಬಸ್ಸು ಮುಳಬಾಗಿಲಿಗೆ ಯಾವಾಗ ಬರುತ್ತದೆಂದು ಅದರ ಡ್ರೈವರನೂ ಹೇಳಲಾರ. ಭಾರತಮ್ಮ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ನೋಡಿದಳು, ಅಟ್ಟ ಹತ್ತಿ ನೋಡಿದಳು, ಕೋಲಿನಿಂದ ಮಂಚದ ಕೆಳಗೆ ತಿವಿದು ನೋಡಿದಳು. ಇಲಿ ಸಿಗಲಿಲ್ಲ. ವಾಸನೆ ಮಾತ್ರ ಬಿಸಿಲೇರಿದಂತೆ ಏರುತ್ತಿದೆ ಎಂದಳು.

ಊರಲ್ಲಿ ಅವನನ್ನು ಕಳ್ಳಿ ಮೇಷ್ಟ್ರು ಎನ್ನುತ್ತಿದ್ದರು. ಎದುರಿಗಲ್ಲ, ಆದರೆ ಅವನಿಗೆ ಕೇಳಿಸುವಷ್ಟು ಹತ್ತಿರದಲ್ಲಿ. ಮಿಡ್ಲ್ ಸ್ಕೂಲಿನಲ್ಲಿ ಪ್ರಕೃತಿ ಪಾಠ ಹೇಳುವವನು ಮಲ್ಲಿಗೆ, ಕನಕಾಂಬರ ಬೆಳೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇವನು ಜಗಲಿಯ ಮೆಟ್ಟಿಲ ಮೇಲೆಲ್ಲ ಒಡೆದ ಮಡಕೆ, ತೂತು ಬಿದ್ದ ಡಬ್ಬಗಳನ್ನಿಟ್ಟು ಬೇಲಿಯಲ್ಲಿರಬೇಕಾದುದನ್ನು ಮನೆಗೆ ತಂದು ನೀರೆರೆಯುತ್ತಿದ್ದ. ಮುರಿದರೆ ಹಾಲು ಬಂದರೆ ಅದು ನಮ್ಮ ಕಡೆಯ ಕಳ್ಳಿಯ ವಂಶ, ಹಾಲಿಲ್ಲದೆ ಬರೀ ನೀರು ಒಸರಿದರೆ, ಮುಳ್ಳುಗಳು ಒಂದೊಂದು ಹತ್ತಿಯಂಥ ಮೆತ್ತನೆ ಚುಕ್ಕೆಯಿಂದ ಗುಂಪಾಗಿ ಎದ್ದಿದ್ದರೆ ಅದು ಅಮೆರಿಕದ್ದು, ಪಾಪಾಸುಕಳ್ಳಿಯ ಬಳಗ. ಎರಡೂ ಮೇಲುನೋಟಕ್ಕೆ ಅಣ್ಣತಮ್ಮಂದಿರಂತಿದ್ದರೂ ಸಂಬಂಧವೇ ಇಲ್ಲ ಎಂದು ಅವನು ಮಕ್ಕಳಿಗೆ ಹೇಳುವಾಗ ದನಿ ಸ್ವಲ್ಪ ಏರುತ್ತಿತ್ತು. ಕತ್ತಾಳೆ ಬೇರೆ, ಲೋಳೆಸರ ಬೇರೆ. ದೃಷ್ಟಿ ತಾಗದಿರಲೆಂದು ಜನ ಬಾಗಿಲ ಮೇಲೆ ಬೇರು ಮೇಲೆ ಮಾಡಿ ಕಟ್ಟುವುದು ಲೋಳೆಸರವನ್ನು, ಅದನ್ನು ಕತ್ತಾಳೆ ಎಂದವರನ್ನು ಅವನು ಬೀದಿಯಲ್ಲೇ ನಿಲ್ಲಿಸಿ ತಿದ್ದುತ್ತಿದ್ದ. ತಪ್ಪು ಹೆಸರು ಕಿವಿಗೆ ಬಿದ್ದರೆ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದಂತಾಗುತ್ತಿತ್ತು. ನಂಗಲಿಯ ಹತ್ತಿರದ ರಾಗಿ ಹೊಲದಿಂದ ಬಂದು, ಬೇರೆಯವರ ಮನೆಯ ಜಗಲಿಯಲ್ಲಿ ಮಲಗಿ ಓದಿದವನು. ಸರಿಯಾದ ಹೆಸರು ಬಲ್ಲವನು ಎಂಬುದೊಂದೇ ಅವನು ತಾನಾಗಿ ಸಂಪಾದಿಸಿದ ಮರ್ಯಾದೆ, ಅದನ್ನು ಅವನು ತುಂಬ ಜೋಪಾನ ಮಾಡುತ್ತಿದ್ದ.

ಆ ಜೋಪಾನದ ನಡುವೆ ಜಗಲಿಗೆ ತೆರೆದ ಪಡಸಾಲೆಯ ಕಿಟಕಿಯ ಹೊರಕಟ್ಟೆಯ ಮೇಲೆ ಒಂದು ಕುಂಡ ಬಂದು ಕೂತಿತ್ತು. ಚಿನ್ನದ ಗಣಿಯ ದೊರೆಯೊಬ್ಬ ಸೀಮೆಗೆ ಹೊರಟಾಗ ಬಂಗಲೆಯ ಕುಂಡಗಳನ್ನು ಸಿಕ್ಕಸಿಕ್ಕವರಿಗೆ ಹಂಚಿದನಂತೆ. ಅದರಲ್ಲೊಂದು ಕೈಯಿಂದ ಕೈಗೆ ದಾಟಿ ಇವನವರೆಗೆ ಬಂತು, ಹೆಸರಿನ ಚೀಟಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ನಾಲ್ಕು ಏಣಿನ, ಏಣಿನ ಅಂಚಿಗೆಲ್ಲ ಸಣ್ಣ ಹಲ್ಲುಗಳಿದ್ದ, ಬೆರಳುದ್ದದ, ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗಿರುವ ಕಾಂಡಗಳು. ಮದರಾಸಿನ ಬೀಜದಂಗಡಿಯ ಕ್ಯಾಟಲಾಗು ತೆಗೆದು, ಕಪ್ಪು-ಬಿಳುಪು ಪಟಗಳ ಮುಂದೆ ಕಾಂಡವನ್ನು ಹಿಡಿದು ಹಿಡಿದು ನೋಡಿ, ಅವನು ಅದಕ್ಕೆ ಎಕಿನಾಪ್ಸಿಸ್ ಎಂದು ಹೆಸರಿಟ್ಟ. ಅಮೆರಿಕದ ಅಪರೂಪದ ಕಳ್ಳಿ, ದೊಡ್ಡ ಹೂ, ಘಮಘಮಿಸುವ ಪರಿಮಳ ಎಂದು ಪಟದ ಕೆಳಗೆ ಬರೆದಿತ್ತು. ಮುಳ್ಳಿಲ್ಲವಲ್ಲ ಎಂಬ ಅನುಮಾನ ಬರದೆ ಇರಲಿಲ್ಲ. ನೆರಳಲ್ಲಿ ಸಾಕಿದ ಗಿಡ, ಮುಳ್ಳು ಮೆತ್ತಗಾಗಿದೆ ಎಂದು ತನಗೆ ತಾನೇ ಪಾಠ ಹೇಳಿಕೊಂಡ. ಅದೇ ಕ್ಯಾಟಲಾಗಿನ ಹಿಂದಿನ ಹಾಳೆಗಳಲ್ಲಿ ಇನ್ನೊಂದು ಪಟವಿತ್ತು: ಇದೇ ನಾಲ್ಕು ಏಣು, ಇದೇ ಮೆತ್ತನೆ ಹಲ್ಲು, ಸ್ಟಪೀಲಿಯಾ ಎಂಬ ಹೆಸರು, ಕೊಳೆತ ಮಾಂಸದ ವಾಸನೆಯ ಹೂ ಎಂಬ ಒಂದು ಸಾಲು. ಅವನ ಹೆಬ್ಬೆರಳು ಆ ಹಾಳೆಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಮಗುಚಿಹಾಕಿತು.

ಹೋದ ವರ್ಷ ರಾಮಚಂದ್ರಪ್ಪನವರು ಮೊದಲ ಸಲ ಬಂದಾಗ ಅಕ್ಕಯ್ಯ ಅವರಿಗೆ ಹುರಿಗಾಳು ತಂದಿಟ್ಟು, ಅಲ್ಲೇ ನಿಂತು ಕುಂಡವನ್ನು ನೋಡಿ, "ಇದು ನಮ್ಮ ಕುಂದೇಟಿ ಕೊಮ್ಮು ಥರಾನೇ ಇದೆಯಲ್ಲೋ ಕೋದಂಡ" ಎಂದಿದ್ದಳು. ಅಕ್ಕಯ್ಯ ಎಂದರೆ ಮುತ್ಯಾಲಮ್ಮ, ಅವನ ಒಡಹುಟ್ಟಿದವಳು, ಗಂಡ ತೀರಿಕೊಂಡ ಮೇಲೆ ಇವನ ಮನೆಗೆ ಬಂದವಳು, ಅವನಿಗೆ ತಾಯಿ ಹೋದ ಮೇಲೆ ತಲೆಗೆ ಎಣ್ಣೆ ಒತ್ತಿದವಳು. ಕುಂದೇಟಿ ಕೊಮ್ಮು, ಮೊಲದ ಕೊಂಬು, ಬಂಡೆಗಳ ಸಂದಿಯಲ್ಲಿ ಹುಲ್ಲಿನ ನಡುವೆ ಅಡಗಿ ಬೆಳೆಯುತ್ತದೆ. ಕುರಿ ಕಾಯುವವರು ಕಿತ್ತು ಹಸಿಯಾಗಿಯೇ ಕಡಿಯುತ್ತಾರೆ. ಚಿಕ್ಕಂದಿನಲ್ಲಿ, ಮಧ್ಯಾಹ್ನದ ಕಾದ ಬಂಡೆಯ ಮೇಲೆ ಅಕ್ಕಯ್ಯ ಸೆರಗಿನ ತುದಿಯಿಂದ ಉಪ್ಪು ಬಿಚ್ಚಿ, ಒಂದು ಕೊಂಬು ಅವನಿಗೆ, ಒಂದು ತನಗೆ, "ಮೊಲಕ್ಕೆ ಕೊಂಬು ಎಲ್ಲಿತ್ತು ಅಕ್ಕಯ್ಯಾ", "ನೀನು ತಿಂದುಬಿಟ್ಟೆಯಲ್ಲ, ಅದಕ್ಕೇ ಈಗ ಇಲ್ಲ". ಕಾಂಡ ಕಹಿ, ಸ್ವಲ್ಪ ಹುಳಿ, ಆಮೇಲೆ ಕುಡಿದ ನೀರು ಸಿಹಿ. ಹೌದು, ಹಾಗೇ ಇತ್ತು ಕಿಟಕಿಯ ಕುಂಡದ ಗಿಡವೂ. ಅವನಿಗೆ ಅದು ಮೊದಲ ದಿನವೇ ಕಂಡಿತ್ತು. ಆದರೆ ರಾಮಚಂದ್ರಪ್ಪನವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲಿತ್ತು. "ನೀನು ಒಳಗೆ ಹೋಗು ಅಕ್ಕಯ್ಯ, ಕುರಿ ಮೇಯೋ ಗಿಡಾನ ಯಾರಾದ್ರೂ ಕುಂಡದಲ್ಲಿ ಇಡ್ತಾರಾ" ಎಂದು ಅವನು ನಕ್ಕ. ಅವಳೂ ನಕ್ಕು ಒಳಗೆ ಹೋದಳು.

"ಇಲ್ಲಿ ಬನ್ನಿ ಸ್ವಲ್ಪ" ಎಂದು ಭಾರತಮ್ಮ ಅಡಿಗೆಮನೆಯ ಬಾಗಿಲಿಂದ ಕರೆದಳು. ಹೋದ. ಅವಳು ದನಿ ತಗ್ಗಿಸಿ, "ಇಲಿ ಅಲ್ಲ ಕಣ್ರೀ. ಪಡಸಾಲೆ ಮೂಲೇಲಿ, ಕಿಟಕಿ ಕೆಳಗೆ ಜಾಸ್ತಿ ಬರ್ತಾ ಇದೆ. ಅತ್ತಿಗೆಮ್ಮನ ಹಾಸಿಗೆ ಹತ್ರ" ಎಂದಳು. "ನಾನು ಬಾಯಿ ಬಿಟ್ಟು ಹೇಳಬಾರ್ದು, ಆದ್ರೂ ಆ ಕಾಲು. ಒಳಗೇ ಕೊಳೀತಾ ಇದೆಯೇನೋ." ಶ್ರಾವಣದಲ್ಲಿ ಅಕ್ಕಯ್ಯ ಕೆರೆಯ ಕಡೆ ಹೋದಾಗ ಕಾಲಿಗೆ ಮುಳ್ಳು ನೆಟ್ಟಿತ್ತು. ಬಿಳಿ ಹುಳ ಬಿದ್ದು ಈಚೆಗೆ ಪಾಪಾಸುಕಳ್ಳಿಯ ಬೇಲಿಗಳೆಲ್ಲ ಸತ್ತು ಮಗುಚಿದ್ದವು, ಒಣಗಿದ ತುಂಡುಗಳು ದಾರಿಯ ತುಂಬ. ಮುಳ್ಳು ಮುರಿದು ಒಳಗೇ ಉಳಿದು, ಪಾದ ಊದಿ, ಕೀವಾಗಿ, ಬಹಳ ದಿನ ನರಳಿದಳು. ಆದರೆ ಈಗ ವಾಸಿಯಾಗುತ್ತ ಬಂದಿತ್ತು. ನಿನ್ನೆಯಷ್ಟೇ ಅವನೇ ಲೋಳೆಸರದ ಎಲೆ ಸೀಳಿ ಕೊಟ್ಟಾಗ ಅವಳು ಪಟ್ಟಿ ಬಿಚ್ಚಿ ತೋರಿಸಿದ್ದಳು. ಗಾಯದ ಸುತ್ತ ತೆಳು ಗುಲಾಬಿ ಚರ್ಮ ಬಂದಿತ್ತು. ಇದನ್ನೆಲ್ಲ ಅವನು ಹೇಳಬಹುದಿತ್ತು. ಬಸ್ಸಿನ ಯೋಚನೆ, ಒದ್ದೆ ತಗಡುಗಳ ಯೋಚನೆ. "ಇರಬಹುದು" ಎಂದ. ಹಾಗೆಂದು ಉಜ್ಜಿದ ತಗಡುಗಳನ್ನೂ ಕುಂಡಗಳಿಗೆ ನೀರು ಹಾಕಲು ಚೊಂಬನ್ನೂ ತೆಗೆದುಕೊಂಡು ಜಗಲಿಗೆ ಹೋದ.

ಹೂ ಅರಳಿತ್ತು. ಒಂದು ವಾರದ ಹಿಂದೆ ಮೊಗ್ಗು ಕಂಡಾಗಲೇ ಅವನು ಕೋಲಾರಕ್ಕೆ ಕಾಗದ ಬರೆದು ಕರೆದದ್ದು. ಈ ಸಲದ ಪ್ರದರ್ಶನದಲ್ಲಿ ಮುಂದಿನ ಸಾಲಿನಲ್ಲಿ ಇಡಬೇಕಾದ ಗಿಡ ಎಂದು ಅವರೂ ಉತ್ತರ ಬರೆದಿದ್ದರು. ಊದಿದ ಕಾಗದದ ಬುಡ್ಡೆಯಂತಿದ್ದ ಆ ಮೊಗ್ಗು ಕಾಂಡದ ಬುಡದಲ್ಲಿ ಹುಟ್ಟಿತ್ತು, ಎಕಿನಾಪ್ಸಿಸ್ ಹೂ ಬುಡದಲ್ಲಿ ಬಿಡುವುದಿಲ್ಲ ಎಂಬುದನ್ನು ಅವನು ಅಂದೂ ನೋಡಿ ನೋಡದವನಂತಿದ್ದ. ಈಗ ಅದು ಅಂಗೈಗಿಂತ ಅಗಲವಾಗಿ, ಐದು ಮೂಲೆಯ ನಕ್ಷತ್ರವಾಗಿ, ಕಿಟಕಿಯ ಕಟ್ಟೆಯ ಅಂಚಿಗೆ ವಾಲಿಕೊಂಡಿತ್ತು. ಮಾಸಲು ಹಳದಿಯ ಮೇಲೆ ರಕ್ತದ ಬಣ್ಣದ ಸಣ್ಣ ಸಣ್ಣ ಗೆರೆಗಳು, ಅಂಚಿಗೆಲ್ಲ ನವಿರಾದ ಕೂದಲು. ಚೆನ್ನಾಗಿತ್ತು. ಸುಳ್ಳು ಹೇಳುವ ಹಾಗಿಲ್ಲ, ಅವನು ಕಂಡ ಯಾವ ಹೂವಿಗಿಂತಲೂ ಚೆನ್ನಾಗಿತ್ತು. ನಡುವಿನ ಗುಳಿಯಲ್ಲಿ ಹಸಿರು ನೊಣಗಳು ಮುತ್ತಿದ್ದವು. ಬಿಳಿಯ ಸಣ್ಣ ಮೊಟ್ಟೆಗಳನ್ನು ಸಾಲಾಗಿ ಇಡುತ್ತಿದ್ದವು, ಸತ್ತ ನಾಯಿಯ ಮೇಲೆ ಇಡುವಂತೆ, ಪೂರ್ತಿ ನಂಬಿಕೆಯಿಂದ. ಅವನು ಬಗ್ಗಿ ಮೂಗನ್ನು ಹತ್ತಿರ ತಂದ. ನಶ್ಯ ತಿಂದುಳಿಸಿದ ಮೂಗಿನಲ್ಲೂ ಅದು ನೇರವಾಗಿ ಗಂಟಲವರೆಗೆ ಹೋಯಿತು.

ಕಿಟಕಿಯ ಆ ಬದಿಯಲ್ಲಿ, ಒಂದು ಮೊಳದ ದೂರದಲ್ಲಿ, ಭಾರತಮ್ಮ ಮಾತಾಡುತ್ತಿದ್ದಳು. ಸಿಟ್ಟಿನಿಂದೇನೂ ಅಲ್ಲ. ಅವಳು ಕೆಟ್ಟವಳಲ್ಲ, ಎರಡು ತಿಂಗಳು ಆ ಕಾಲನ್ನು ಬಿಸಿನೀರಲ್ಲಿ ತೊಳೆದವಳು ಅವಳೇ. "ಅತ್ತಿಗೆಮ್ಮಾ, ಇವತ್ತೊಂದಿನ ಕೊಟ್ಟಿಗೆ ಹತ್ರ ನೆರಳಲ್ಲಿ ಮಲ್ಕೊಂಡ್ರೆ... ಕೋಲಾರದವರು ಬರ್ತಾರೆ, ಇಲ್ಲೇ ಕೂತ್ಕೋಬೇಕು ಅವರು... ಕಾಲಿಂದ ಸ್ವಲ್ಪ ವಾಸನೆ ಬರ್ತಾ ಇದೆ, ನಿಮಗೆ ಗೊತ್ತಾಗ್ತಾ ಇಲ್ಲ." ಆಮೇಲೆ ಅಕ್ಕಯ್ಯನ ದನಿ, ಯಾರದೋ ಮನೆಯಲ್ಲಿ ಲೋಟ ಒಡೆದವಳ ದನಿ: "ಹೌದೇನಮ್ಮ? ಅಯ್ಯೋ ರಾಮ. ನಾನು ಇಲಿ ಅನ್ಕೊಂಡಿದ್ದೆ. ಮೊದ್ಲೇ ಹೇಳಬಾರ್ದಿತ್ತಾ." ಕೋದಂಡರಾಮಪ್ಪ ಚೊಂಬು ಹಿಡಿದು ನಿಂತಿದ್ದ. ಬಾಯಿ ತೆರೆದರೆ ಸಾಕಿತ್ತು. ಭಾರತೀ, ಇಲ್ಲಿ ಬಂದು ನೋಡು ಎಂದರೆ ಸಾಕಿತ್ತು, ಹೂವನ್ನು ಕಿಟಕಿಯ ಒಳಗೆ ಚಾಚಿದ್ದರೂ ಸಾಕಿತ್ತು. ಅದರ ಬದಲು ಅವನ ಕಣ್ಣ ಮುಂದೆ ಇಸ್ತ್ರಿಯ ಕೋಟು ಬಂತು, ಕೋಲಿನ ಬೆಳ್ಳಿ ಹಿಡಿ ಬಂತು. ಮುಳ್ಳಿಲ್ಲದ್ದನ್ನು, ಬುಡದಲ್ಲಿ ಹೂ ಬಿಡುವುದನ್ನು, ಎರಡು ವರ್ಷ ತಗಡಿನ ಮೇಲೆ ಅಮೆರಿಕದ ಸುಗಂಧ ಕಳ್ಳಿ ಎಂದು ಬರೆದಿಟ್ಟುಕೊಂಡವನು ತಾನು. ಸ್ಕೂಲಿನ ಬೀದಿಯಲ್ಲಿ ಲೋಳೆಸರಕ್ಕೆ ಕತ್ತಾಳೆ ಎಂದದ್ದಕ್ಕೆ ಅವನಿಂದ ಬೈಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ನಗುತ್ತ ಬಂದರು. ಅವನು ಆ ಕುಂಡದ ತಗಡನ್ನು ಜೇಬಿಗೆ ಹಾಕಿದ. ಕುಂಡವನ್ನು ಎರಡು ಕೈಯಲ್ಲಿ ಎತ್ತಿಕೊಂಡ.

ಬೀದಿಗೆ ಒಯ್ಯುವಂತಿರಲಿಲ್ಲ, ಎದುರುಮನೆಯ ಗಂಗುಲಪ್ಪ ಹಲ್ಲುಜ್ಜುತ್ತ ನಿಂತಿದ್ದ. ಮನೆಯ ಪಕ್ಕದ ಓಣಿಯಲ್ಲಿ ಹಿತ್ತಿಲಿಗೆ ನಡೆದು, ಕೊಟ್ಟಿಗೆಯ ಹಿಂಗೋಡೆಯ ಹತ್ತಿರ ಹುಲ್ಲಿನ ಮೆದೆಯ ಮರೆಯಲ್ಲಿ ಕುಂಡವನ್ನಿಟ್ಟು, ಮೇಲೊಂದು ಮಂಕರಿ ಬೋರಲು ಹಾಕಿದ. ಹಸು ಒಮ್ಮೆ ಕತ್ತು ತಿರುಗಿಸಿ ಮೂಗು ಬುಸುಗುಟ್ಟಿತು. ಅವನು ಕೈ ಒರೆಸಿಕೊಂಡು ಹೊರಬರುತ್ತಿರುವಾಗಲೇ ಭಾರತಮ್ಮ ಚಾಪೆ, ದಿಂಬು ಹಿಡಿದು ಎದುರಾದಳು, ಹಿಂದೆ ಗೋಡೆ ಹಿಡಿದುಕೊಂಡು ಕುಂಟುತ್ತ ಅಕ್ಕಯ್ಯ. ಕೊಟ್ಟಿಗೆ ಎಂದದ್ದು ಕಿಟಕಿಯಲ್ಲಿ ಅವನಿಗೂ ಕೇಳಿಸಿತ್ತು. ಕೇಳಿಸಿದ್ದು ಮನಸ್ಸಿಗೆ ಇಳಿದಿರಲಿಲ್ಲವೋ, ಇಳಿದಿತ್ತೋ, ಆಮೇಲೆ ಎಷ್ಟು ಕೆದಕಿಕೊಂಡರೂ ಅವನಿಗೆ ನಿರ್ಧಾರವಾಗಲಿಲ್ಲ. ಭಾರತಮ್ಮ ಮೆದೆಯ ಪಕ್ಕದಲ್ಲೇ, ಬಿಸಿಲು ಬೀಳದ ಕಡೆ, ಚಾಪೆ ಹಾಸಿದಳು. "ಅಲ್ಲಿ ಬೇಡ" ಎಂದ ಅವನು. "ಮತ್ತೆಲ್ಲಿ? ಆ ಕಡೆ ಗಂಜಲ ಹರಿಯುತ್ತೆ." ಅಕ್ಕಯ್ಯ ಅವನ ಮುಖ ನೋಡಿ, ತನಗಾಗಿ ನೊಂದುಕೊಂಡಿದ್ದಾನೆಂದು ತಿಳಿದು, "ಪೋನೀಲೇರಾ, ಬಿಡು, ಒಂದಿನ ತಾನೇ. ನೀನು ಹೋಗಿ ಮುಖ ತೊಳ್ಕೋ, ಅವರು ಬರೋ ಹೊತ್ತಾಯ್ತು" ಎಂದಳು.

ರಾಮಚಂದ್ರಪ್ಪನವರು ಬಂದಾಗ ಕೋಟಿನ ಮೇಲೆಲ್ಲ ಇದ್ದಿಲ ಮಸಿ ಕೂತಿತ್ತು. ಅಷ್ಟು ಹೊತ್ತಿಗೆ ಪಡಸಾಲೆ ಸಾರಿಸಿ, ಊದುಬತ್ತಿ ಹಚ್ಚಿ ಆಗಿತ್ತು. ಕಾಫಿ ತರಲು ಒಳಗೆ ಹೋದವನ ಕಿವಿಯಲ್ಲಿ ಭಾರತಮ್ಮ, "ನೋಡಿದ್ರಾ? ಅವರನ್ನ ಹಿಂದಕ್ಕೆ ಕಳಿಸಿದ ಮೇಲೆ ವಾಸನೆ ಹೇಗೆ ಹೋಯ್ತು? ನಾನು ಹೇಳ್ಲಿಲ್ವಾ" ಎಂದಳು. ಮೂಗಿನ ಮಾತು ನಿಜವಾಯಿತೆಂಬ ಸಮಾಧಾನ, ಅತ್ತಿಗೆಯ ಬಗ್ಗೆ ಮರುಕ, ಎರಡೂ ಅವಳ ಮುಖದಲ್ಲಿದ್ದವು. ಕೋದಂಡರಾಮಪ್ಪ ಲೋಟ ಹಿಡಿದು ಹೊರಗೆ ಬಂದ. ಅತಿಥಿ ಮೆಟ್ಟಿಲ ಮೇಲಿನ ಕುಂಡಗಳ ಮುಂದೆ ಒಂದೊಂದು ಕ್ಷಣ ನಿಂತು, ಬಗ್ಗಿ, ತಗಡಿನ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. "ಹೆಸರು ಬರೆದಿಡೋದು ದೊಡ್ಡ ಕೆಲಸ ಕಣ್ರೀ ಮೇಷ್ಟ್ರೇ. ಕೋಲಾರದಲ್ಲಿ ಅಷ್ಟು ಜನ ಗಿಡ ತಂದಿಡ್ತಾರೆ, ಒಬ್ಬರಿಗೂ ಇದೇನು ಅಂತ ಗೊತ್ತಿರಲ್ಲ. ಎಲ್ಲಿ, ನಮ್ಮ ಎಕಿನಾಪ್ಸಿಸ್?"

"ನಿನ್ನೆ ರಾತ್ರಿಯೇ ಅರಳಿಬಿಡ್ತು ಸಾರ್. ಒಂದೇ ರಾತ್ರಿಯ ಹೂ. ಬೆಳಿಗ್ಗೆ ನೋಡಿದ್ರೆ ಬುಡಕ್ಕೆ ಕೊಳೆ ಹತ್ತಿದೆ. ಬೇರೆ ಗಿಡಕ್ಕೆ ಹತ್ತಬಾರದು ಅಂತ ತೆಗೆದಿಟ್ಟೆ."

"ಛೆ ಛೆ. ಒಂದಿನ ಮುಂಚೆ ಬರಬೇಕಿತ್ತು." ಅವರು ನಿಜವಾಗಿ ನೊಂದುಕೊಂಡರು. "ಹೇಗಿತ್ತು? ವಾಸನೆ ಹೇಗಿತ್ತು ಹೇಳಿ."

"ಮನೆಯೆಲ್ಲ ತುಂಬಿತ್ತು" ಎಂದ.

"ಮನೆಯವರಿಗೆಲ್ಲ ಗೊತ್ತಾಯ್ತು ಅನ್ನಿ."

"ಗೊತ್ತಾಯ್ತು ಸಾರ್."

ಉಪ್ಪಿಟ್ಟು ಬಂತು. ರಾಮಚಂದ್ರಪ್ಪನವರು ಬಾಯಿಗಿಡುತ್ತ, "ನಿಮ್ಮ ಅಕ್ಕನವರು ಕಾಣ್ಲಿಲ್ಲ? ಹೋದ ಸಲ ಹುರಿಗಾಳು ಕೊಟ್ಟಿದ್ರು, ಅಂಥ ಹುರಿಗಾಳು ಮತ್ತೆ ತಿನ್ಲಿಲ್ಲ" ಎಂದರು. ಹಿತ್ತಿಲಲ್ಲಿ ಯಾರೋ ಬಾವಿಯಿಂದ ನೀರು ಸೇದುತ್ತಿದ್ದ ಸದ್ದು, ಗಡಗಡೆಯ ಕಿರುಗುಟ್ಟು, ಆಮೇಲೆ ಕಲ್ಲಿನ ಮೇಲೆ ನೀರು ಸುರಿದ ಸದ್ದು ಪಡಸಾಲೆಯವರೆಗೆ ಬಂತು. ಭಾರತಮ್ಮ ಬಾಗಿಲ ಹಿಂದಿನಿಂದ, "ನಂಗಲಿಗೆ ಹೋಗಿದ್ದಾರೆ, ನೆಂಟರ ಮನೆಗೆ" ಎಂದಳು. ಮತ್ತೆ ನೀರು ಸುರಿದ ಸದ್ದು. ಕೋದಂಡರಾಮಪ್ಪ ಜೇಬಿನೊಳಗೆ ಕೈಹಾಕಿದ; ತಗಡಿನ ಅಂಚು ಬೆರಳಿಗೆ ಚುಚ್ಚಿತು. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿದೆಯೇ ಎಂದು ಅತಿಥಿಯನ್ನು ಕೇಳಿದ.

ಬಸ್‌ಸ್ಟ್ಯಾಂಡಿನವರೆಗೆ ಅವರನ್ನು ಬಿಟ್ಟು ಬಂದವನು ಮನೆಯೊಳಗೆ ಹೋಗದೆ ಓಣಿಯಿಂದಲೇ ಹಿತ್ತಿಲಿಗೆ ಹೋದ. ಅಕ್ಕಯ್ಯ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಟ್ಟಿ ಬಿಚ್ಚಿ ಒಗೆದು ಹಗ್ಗದ ಮೇಲೆ ಹಾಕಿದ್ದಳು. ಪಾದ ತೊಳೆದು ತೊಳೆದು ಬಿಳಿಚಿಕೊಂಡಿತ್ತು, ಉಜ್ಜಿದ ರಭಸಕ್ಕೆ ಹೊಸ ಚರ್ಮ ಕಿತ್ತು ಒಂದು ಕಡೆ ರಕ್ತ ಒಸರುತ್ತಿತ್ತು. ಪಕ್ಕದಲ್ಲಿ ಸೀಗೆಕಾಯಿ ಪುಡಿಯ ಬಟ್ಟಲು. ಅವನನ್ನು ಕಂಡು ಸೀರೆಯಿಂದ ಪಾದ ಮುಚ್ಚಿಕೊಂಡು, "ಹತ್ರ ಬರ್ಬೇಡ ಕಣೋ" ಎಂದಳು. "ಭಾರತಿ ಹೇಳಿದ್ದು ನಿಜ. ಒಳಗಿದ್ದಾಗ ನಂಗೆ ಅಷ್ಟು ಗೊತ್ತಾಗ್ತಿರ್ಲಿಲ್ಲ. ಇಲ್ಲಿ ಬಂದು ಕೂತ ಮೇಲೆ ನಂಗೇ ತಡ್ಕೊಳ್ಳಕ್ಕಾಗ್ತಾ ಇಲ್ಲ. ಎಷ್ಟು ತೊಳೆದ್ರೂ ಹೋಗ್ತಿಲ್ಲ. ಇಷ್ಟು ದಿನ ನೀವೆಲ್ಲ ಹೇಗೆ ಸಹಿಸ್ಕೊಂಡ್ರೋ." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಗಂಡ ಸತ್ತಾಗಲೂ ಅವಳು ಇವನ ಮುಂದೆ ಅತ್ತಿರಲಿಲ್ಲ. ಕೋದಂಡರಾಮಪ್ಪನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಅವನು ಮೆದೆಯ ಹಿಂದೆ ಹೋಗಿ ಮಂಕರಿ ಎತ್ತಿ ಕುಂಡವನ್ನು ತಂದು ಅವಳ ಮುಂದಿಟ್ಟ. "ಇದು ಅಕ್ಕಯ್ಯ. ನಿನ್ನ ಕಾಲಲ್ಲ. ಇದರ ವಾಸನೆ. ಬೆಳಿಗ್ಗೇನೇ ನಂಗೆ ಗೊತ್ತಾಯ್ತು. ನಾನೇ ತಂದು ಇಲ್ಲಿ ಬಚ್ಚಿಟ್ಟೆ." ಅವಳು ಅರ್ಥವಾಗದೆ ಅವನನ್ನು ನೋಡಿದಳು, ಹೂವನ್ನು ನೋಡಿದಳು, ಬಗ್ಗಿ ಮೂಸಿ ತಟ್ಟನೆ ಮುಖ ಹಿಂದಕ್ಕೆಳೆದುಕೊಂಡಳು. ದೂರದಿಂದಲೇ ಮತ್ತೊಮ್ಮೆ ನೋಡಿ, "ಎಷ್ಟು ಚೆನ್ನಾಗಿದೆಯೋ" ಎಂದಳು. "ನೀನು ಹೆಸರಿಟ್ಟಿದ್ದೆಯಲ್ಲ, ಅದೇನಾ?"

"ಆ ಹೆಸರು ತಪ್ಪು. ನೀನು ಹೇಳಿದ್ದೆಯಲ್ಲ, ಕುಂದೇಟಿ ಕೊಮ್ಮು, ಅದರ ಬಳಗವೇ. ದೂರದ್ದು."

"ನಾನು ಹೇಳಿದ್ನಾ? ನೆನಪಿಲ್ಲ ಕಣೋ." ನಿಜವಾಗಿಯೂ ಅವಳಿಗೆ ನೆನಪಿರಲಿಲ್ಲ, ಒಂದು ವರ್ಷ ಆ ಮಾತು ನೆನಪಿದ್ದದ್ದು ಅವನಿಗೊಬ್ಬನಿಗೇ. ಅವಳು ನೊಣವೊಂದನ್ನು ಕೈಬೀಸಿ ಓಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಗಾದ್ರೆ ನನ್ನದಲ್ವಾ?" ಎಂದು ಇನ್ನೊಮ್ಮೆ ಕೇಳಿದಳು. "ಅಲ್ಲ ಅಕ್ಕಯ್ಯ." "ನಿಜ ಹೇಳು, ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ?" ಅವನು ಅವಳ ಪಾದವನ್ನು ಹಿಡಿದುಕೊಂಡ. ಅವಳು ಎಳೆದುಕೊಂಡಳು.

ಭಾರತಮ್ಮನಿಗೆ ಅವನು ಆಗಲೇ ಹೇಳಿದ, ಕುಂಡವನ್ನು ಕೈಯಲ್ಲಿ ಹಿಡಿದುಕೊಂಡೇ. ಅವಳು "ಅಯ್ಯೋ ನಿಮ್ಮ ಕಳ್ಳಿ ಮನೆ ಹಾಳಾಗ" ಎಂದು ಬೈದಳು, ಗಂಡನನ್ನೂ ಸೇರಿಸಿ ಬೈದಳು, ಓಡಿಹೋಗಿ ಚಾಪೆ ಮಡಿಚಿ ಅತ್ತಿಗೆಯನ್ನು ಕೈಹಿಡಿದು ಒಳಗೆ ಕರೆತಂದಳು, ಒಸರುವ ಗಾಯಕ್ಕೆ ತಾನೇ ಅರಿಸಿನ ಹಚ್ಚಿದಳು. ಕೊನೆಗೆ ಅಡಿಗೆಮನೆಯಲ್ಲಿ ರಾಗಿಹಿಟ್ಟು ತಿರುವುತ್ತ, ತನ್ನಷ್ಟಕ್ಕೆ, "ಆದ್ರೂ ಕಾಲಲ್ಲೂ ಸ್ವಲ್ಪ ಇತ್ತು ಬಿಡಿ" ಎಂದಳು. ಅವಳ ಮೂಗು ಅಷ್ಟು ಸುಲಭವಾಗಿ ಸೋಲುವಂಥದ್ದಲ್ಲ. ಮುದ್ದೆ ತಿನ್ನುವ ಹೊತ್ತಿಗೆ ಅಕ್ಕಯ್ಯ ತಟ್ಟೆಯನ್ನು ಹಿತ್ತಿಲ ಬಾಗಿಲ ಹೊಸ್ತಿಲ ಬಳಿ ಇಟ್ಟುಕೊಂಡು ಕೂತಳು. ಇಲ್ಲಿ ಬಾ ಎಂದು ಅವನು ಕರೆದದ್ದಕ್ಕೆ, "ಇಲ್ಲೇ ಗಾಳಿ ಚೆನ್ನಾಗಿದೆ" ಎಂದಳು. ಗಾಳಿ ಇರಲಿಲ್ಲ. ಚಿಮಣಿಯ ದೀಪ ನೆಟ್ಟಗೆ ಉರಿಯುತ್ತಿತ್ತು.

ಮರುದಿನ ಅವನು ಕೋಲಾರಕ್ಕೆ ಕಾರ್ಡು ಬರೆದ. ಹೆಸರು ತಪ್ಪಾಗಿತ್ತು, ಅದು ಸ್ಟಪೀಲಿಯಾ, ಹೂವಿಗೆ ಕೊಳೆತ ಮಾಂಸದ ವಾಸನೆ, ನಾನು ಸುಳ್ಳು ಹೇಳಿದೆ. ಬರೆದು ಡಬ್ಬಿಗೆ ಹಾಕಿ ಬಂದ ಮೇಲೆ ಜ್ವರ ಬಂದವನಂತೆ ಮಲಗಿದ. ಸ್ಕೂಲಿಗೆ ಹೋಗುವಾಗ ಎಲ್ಲರೂ ತನ್ನನ್ನೇ ನೋಡುತ್ತಾರೆಂದು ಅನಿಸಿತು, ಯಾರೂ ನೋಡುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೊಂದು ಭಾನುವಾರ ರಾಮಚಂದ್ರಪ್ಪನವರೇ ಮುನ್ಸೂಚನೆಯಿಲ್ಲದೆ ಬಂದಿಳಿದರು. ಜಗಲಿಯ ಕೆಳಗೆ ನಿಂತೇ ನಗತೊಡಗಿದರು. "ಏನ್ರೀ ಮೇಷ್ಟ್ರೇ, ಕಾರ್ಡು ಓದಿ ನಮ್ಮ ಮನೇಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು! ಮಲ್ಲಿಗೆ ನೋಡಕ್ಕೆ ಯಾರು ಬರ್ತಾರ್ರೀ? ಮೂಗು ಮುಚ್ಕೊಂಡು ನೋಡೋ ಹೂ ಇದೆ ಅಂದ್ರೆ ಇಡೀ ಜಿಲ್ಲೆ ಬರುತ್ತೆ. ಮುಂದಿನ ಮೊಗ್ಗು ಬಂದ ದಿನವೇ ತಿಳಿಸಿ, ಮುಂದಿನ ಸಾಲಲ್ಲೇ ಇಡೋಣ." ಅಷ್ಟೇ. ಅಷ್ಟು ದಿನ ಅವನು ಹೆದರಿದ್ದು ಇಷ್ಟಕ್ಕೆ. ಕೋದಂಡರಾಮಪ್ಪನೂ ನಕ್ಕ, ನಗುವಾಗ ಎದೆಯಲ್ಲೇನೋ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

"ಅಕ್ಕನವರು ನಂಗಲಿಯಿಂದ ಬಂದ್ರಾ? ಇವತ್ತು ಹುರಿಗಾಳು ತಿಂದೇ ಹೋಗೋದು" ಎಂದರು ಅವರು.

"ಬಂದಿದ್ದಾಳೆ, ಕರೀತೀನಿ" ಎಂದು ಅವನು ಉತ್ಸಾಹದಿಂದ ಪಡಸಾಲೆಗೆ ಹೋದ. ಕಿಟಕಿಯ ಕೆಳಗಿನ ಮೂಲೆಯಲ್ಲಿ ಯಾರೂ ಇರಲಿಲ್ಲ. ಚಾಪೆಯೂ ಇರಲಿಲ್ಲ. ಸ್ವಲ್ಪ ಮೊದಲು ಅವಳು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದುದನ್ನು ಅವನು ನೋಡಿದ್ದ. ಮೊರದಲ್ಲಿ ಅರ್ಧ ಕಾಯಿ ಹಾಗೇ ಇತ್ತು. ಅಡಿಗೆಮನೆ ದಾಟಿ ಹಿತ್ತಿಲಿಗೆ ಹೋದ. ಅಕ್ಕಯ್ಯ ಕೊಟ್ಟಿಗೆಯಲ್ಲಿ ಹುಲ್ಲಿನ ಮೆದೆಗೆ ಒರಗಿ ಕೂತಿದ್ದಳು. ಕಾಲು ಪೂರಾ ವಾಸಿಯಾಗಿ ಎಷ್ಟೋ ದಿನವಾಗಿತ್ತು. ಆದರೂ ಪಾದವನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು. ಬೀದಿಯಲ್ಲಿ ಕೋಲಿನ ಸದ್ದು ಕೇಳಿದ ಕೂಡಲೇ, ಯಾರೂ ಹೇಳದೆ, ಚಾಪೆ ಸುತ್ತಿಕೊಂಡು ಬಂದುಬಿಟ್ಟಿದ್ದಳು.

"ಒಳಗೆ ಬಾ ಅಕ್ಕಯ್ಯ. ಅವರು ನಿನ್ನನ್ನೇ ಕೇಳ್ತಿದ್ದಾರೆ."

"ಅವರು ಹೋಗ್ಲಿ, ಆಮೇಲೆ ಬರ್ತೀನಿ ಕಣೋ" ಎಂದಳು ಅವಳು. ಬೇಸರದ ಸುಳಿವೂ ಇರಲಿಲ್ಲ ದನಿಯಲ್ಲಿ. "ನಾನಿರೋದು ಅವರಿಗೆ ಯಾಕೆ ಬೇಕು. ಹುರಿಗಾಳು ಡಬ್ಬದಲ್ಲಿದೆ, ಭಾರತಿಗೆ ಹೇಳು."

ಅವನು ಅಲ್ಲೇ ನಿಂತ. ಏನೋ ಹೇಳಬೇಕಿತ್ತು, ಹೇಳಬೇಕಾದದ್ದನ್ನೆಲ್ಲ ಹಿಂದೆಯೇ ಹೇಳಿಯಾಗಿತ್ತು. ಹಸು ಕಿವಿ ಬಡಿಯಿತು. ಹೊರಗೆ ಜಗಲಿಯಲ್ಲಿ ರಾಮಚಂದ್ರಪ್ಪನವರು ಕಿಟಕಿಯ ಕುಂಡಕ್ಕೆ ಅವನು ಹೊಸದಾಗಿ ಬರೆದು ಸಿಗಿಸಿದ್ದ ತಗಡಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಸರಿಯಾಗಿಯೇ ಓದಿದರು.